ಕಡೆಗೋಲು ನಿಂತ ಮೇಲೆ ಉಳಿದ ಮಾತು

ಐರ್ಲೆಂಡಿನ ದಕ್ಷಿಣದಲ್ಲಿರುವ ಕಾರ್ಕ್ ನಗರದ ಶ್ಯಾಂಡನ್ ಬಡಾವಣೆ ಬೆಣ್ಣೆಯಿಂದ ಹೆಸರಾದ ಸ್ಥಳ. ಇಲ್ಲಿ 1770ರಲ್ಲಿ ಆರಂಭವಾದ ಪೇಟೆಗೆ ಸುತ್ತಲಿನ ಹಳ್ಳಿಗಳಿಂದ ಉಪ್ಪು ಬೆರೆತ ಬೆಣ್ಣೆ ಮರದ ಪೀಪಾಯಿಗಳಲ್ಲಿ ಬರುತ್ತಿತ್ತು. ಪರೀಕ್ಷಕರಿಂದ ದರ್ಜೆಯ ಗುರುತು ಪಡೆದು ಹಡಗೇರಿ, ವೆಸ್ಟ್ ಇಂಡೀಸ್ ದ್ವೀಪಗಳವರೆಗೂ ಸಾಗುತ್ತಿತ್ತು. 1924ರಲ್ಲಿ ಪೇಟೆ ಮುಚ್ಚಿತು. ಇಂದು ಅಲ್ಲೊಂದು ಬೆಣ್ಣೆಯ ವಸ್ತುಸಂಗ್ರಹಾಲಯವಿದೆ.

ಆ ಬೆಣ್ಣೆ ಹುಟ್ಟುತ್ತಿದ್ದುದು ರೈತರ ಮನೆಗಳಲ್ಲಿ, ಬಹುಮಟ್ಟಿಗೆ ಹೆಂಗಸರ ತೋಳಬಲದಿಂದ. ಕನ್ನಡಿಗರ ಮನೆಗಳಲ್ಲಿ ಮೊಸರನ್ನು ಕಡೆದರೆ, ಅಲ್ಲಿ ಕೆನೆಯನ್ನು ಕೆಲವು ದಿನ ಕೂಡಿಟ್ಟು, ಹುಳಿ ಬಂದ ಮೇಲೆ ಕಡೆಯುತ್ತಿದ್ದರು. ಅವರ ಕಡೆಗೋಲು ಹಗ್ಗದ ಎಳೆತಕ್ಕೆ ಸುತ್ತುವಂಥದ್ದಲ್ಲ. ಎತ್ತರದ ಮರದ ಪಾತ್ರೆಯ ಮುಚ್ಚಳದ ರಂಧ್ರದಲ್ಲಿ ಮೇಲಕ್ಕೂ ಕೆಳಕ್ಕೂ ಆಡುವಂಥದ್ದು. ಕೆನೆ ತೀರ ತಣ್ಣಗಿದ್ದರೆ ಬೆಣ್ಣೆ ಕೂಡಲು ತಡವಾಗುತ್ತಿತ್ತು, ಬೆಚ್ಚಗಾದರೆ ಮೆತ್ತಗಾಗುತ್ತಿತ್ತು. ಒಳಗುಳಿದ ಮಜ್ಜಿಗೆ ಬೆಣ್ಣೆಯನ್ನು ಬೇಗ ಕೆಡಿಸುವುದರಿಂದ, ತೊಳೆದ ನೀರು ತಿಳಿಯಾಗುವವರೆಗೂ ತೊಳೆದು, ಮರದ ಹಲಗೆಗಳಿಂದ ಅದುಮಿ ಉಪ್ಪು ಬೆರೆಸುತ್ತಿದ್ದರು. ಮಜ್ಜಿಗೆಯೂ ವ್ಯರ್ಥವಾಗುತ್ತಿರಲಿಲ್ಲ, ಆಲೂಗಡ್ಡೆಯ ಊಟದೊಂದಿಗೆ ಕುಡಿಯುತ್ತಿದ್ದರು, ಸೋಡಾ ಬ್ರೆಡ್ಡಿನ ಹಿಟ್ಟಿಗೂ ಕಲಸುತ್ತಿದ್ದರು.

ಕಡೆಯುವ ಹೊತ್ತಿಗೆ ಮನೆಗೆ ಬಂದವರು ಕೆಲಸವನ್ನು ಹರಸಿ, ಸ್ವಲ್ಪ ಹೊತ್ತಾದರೂ ಕೋಲಿಗೆ ಕೈಹಚ್ಚಬೇಕಿತ್ತು. ಇಲ್ಲದಿದ್ದರೆ ಬೆಣ್ಣೆಯ ಭಾಗ್ಯ ಅವರ ಹಿಂದೆಯೇ ಹೊರಟುಹೋದೀತೆಂಬ ಅಂಜಿಕೆ. ಆಗ ಒಲೆಯ ಕೆಂಡವನ್ನೂ ಮನೆಯಿಂದಾಚೆ ಕೊಡುತ್ತಿರಲಿಲ್ಲ. ನಂಬಿಕೆ ಏನೇ ಇರಲಿ, ದಣಿದ ಕೈಗೆ ಇನ್ನೊಂದು ಕೈಯ ಆಸರೆಯಂತೂ ದೊರೆಯುತ್ತಿತ್ತು.

19ನೆಯ ಶತಮಾನದ ಕೊನೆಗೆ ಕೆನೆ ಬೇರ್ಪಡಿಸುವ ಯಂತ್ರಗಳು ಬಂದವು. 1889ರಲ್ಲಿ ಲಿಮರಿಕ್ ಪ್ರಾಂತದ ಡ್ರಮ್‌ಕಾಲಹರ್‌ನಲ್ಲಿ ಸಹಕಾರಿ ಕ್ಷೀರಕೇಂದ್ರ ತೆರೆಯಿತು. ಇಂಥ ಕೇಂದ್ರಗಳು ಹೆಚ್ಚಿದಂತೆ ಕಡೆಯುವ ಕೆಲಸ ಮನೆಯಿಂದ ದೂರವಾಯಿತು. ಅದರೊಂದಿಗೆ ಬೆಣ್ಣೆ ಮಾರಿ ಹೆಂಗಸರು ಕಾಣುತ್ತಿದ್ದ ಕಾಸೂ ಅವರ ಕೈತಪ್ಪತೊಡಗಿತು.

ಆದರೂ ಆ ಕೆಲಸದ ವಿವರಗಳು ಅಳಿಯಲಿಲ್ಲ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗವು ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಂದು ಕೆಲಸ ವಹಿಸಿತು: ಮನೆಯ, ನೆರೆಯ ಹಿರಿಯರನ್ನು ಕೇಳಿ ಬರೆದು ತರುವುದು. ಕೇಳಬೇಕಾದ ವಿಷಯಗಳಲ್ಲಿ ಬೆಣ್ಣೆ ಕಡೆಯುವುದೂ ಒಂದು. ಕೆಲವರು ಇಂಗ್ಲಿಷಿನಲ್ಲಿ, ಕೆಲವರು ಐರಿಷ್ ಭಾಷೆಯಲ್ಲಿ ಬರೆದರು. ಆ ಪುಟಗಳು ಇಂದಿಗೂ ಡಬ್ಲಿನ್ ಯೂನಿವರ್ಸಿಟಿ ಕಾಲೇಜಿನ ಜಾನಪದ ಸಂಗ್ರಹದಲ್ಲಿವೆ. ಇಂಗ್ಲಿಷಿನ ಒತ್ತಡದಲ್ಲಿ ಐರಿಷ್ ಮಾತು ಮನೆಗಳಿಂದ ಹಿಂದೆ ಸರಿಯುತ್ತಿದ್ದ ಕಾಲವದು. ಕಡೆಯುವ ಪಾತ್ರೆಯ ‘ಕಿನ್ಯೋಗ್’ ಎಂಬ ಹೆಸರು, ಅದರ ಸುತ್ತಲಿನ ಹರಕೆ, ನಂಬಿಕೆ ಎಲ್ಲವೂ ಹಾಗೆ ಅಜ್ಜಿಯ ಬಾಯಿಂದ ಮೊಮ್ಮಕ್ಕಳ ನೋಟ್‌ಪುಸ್ತಕಕ್ಕೆ ಇಳಿದವು.

ಗಡಿನಾಡಿನ ಕನ್ನಡ ಮನೆಗಳಲ್ಲಿಯೂ ಕಡೆಗೋಲು, ಕಡೆಯುವ ಹಗ್ಗ, ಗಡಿಗೆ, ನೆಲುವುಗಳ ಹೆಸರು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಕೇಳಿ ಬರೆದುಕೊಳ್ಳಲು ಮಕ್ಕಳಿಗೆ ಒಂದು ಸಂಜೆಯ ಬಿಡುವು ಸಾಕು.