‘ಪ್ರವಾಸಕಥನ’ ಎಂಬ ಪದದ ಸುತ್ತ

‘ಪ್ರವಾಸ’ದ ಧಾತು ‘ವಸ್’, ವಾಸಿಸು ಎಂದರ್ಥ. ಸ್ವಸ್ಥಳವನ್ನು ಬಿಟ್ಟು ಬೇರೆಡೆ ವಾಸಿಸುವುದೇ ಪ್ರವಾಸ. ಚಲನೆಗಿಂತ ಅಗಲಿಕೆಯೇ ಅಲ್ಲಿ ಪ್ರಧಾನವಾದ್ದರಿಂದ ಆಲಂಕಾರಿಕರು ಅದನ್ನು ವಿಪ್ರಲಂಭ ಶೃಂಗಾರದ ಒಂದು ಪ್ರಭೇದವೆಂದರು; ಪತಿ ಪರಸ್ಥಳದಲ್ಲಿರುವ ನಾಯಿಕೆ ‘ಪ್ರೋಷಿತಭರ್ತೃಕೆ’ ಎನಿಸಿಕೊಂಡಳು. ಹಿಂದಿಯ ‘ಪ್ರವಾಸಿ’ ಇಂದಿಗೂ ಹೊರನಾಡಿನಲ್ಲಿ ನೆಲೆಸಿದವನೇ. ಊರು ನೋಡಿ ಬರುವುದೆಂಬ ಅರ್ಥ ಕನ್ನಡ, ಮರಾಠಿಗಳಲ್ಲಿ ಬಲಗೊಂಡಿತು. ತೆಲುಗು ‘ಯಾತ್ರೆ’ಯನ್ನು ಉಳಿಸಿಕೊಂಡಿತು, ಏನುಗುಲ ವೀರಾಸ್ವಾಮಿಯ ‘ಕಾಶೀಯಾತ್ರ ಚರಿತ್ರ’ (1838) ಇದಕ್ಕೆ ನಿದರ್ಶನ. ಎರಡೂ ನುಡಿಗಳು ಬೆರೆತ ಚಿಂತಾಮಣಿ, ಶಿಡ್ಲಘಟ್ಟಗಳ ವಿದ್ಯಾರ್ಥಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೈನರಲ್ಲಿ ಮುನಿಯ ನಡಿಗೆಗೆ ‘ವಿಹಾರ’ವೆಂದು ಹೆಸರು. ಚಾತುರ್ಮಾಸ ಮುಗಿದೊಡನೆ ಬರಿಗಾಲಲ್ಲಿ ಹೊರಡುವ ಕಠಿಣಚರ್ಯೆ ಅದು; ಲೋಕರೂಢಿಯಲ್ಲಿ ಅದೇ ಪದ ‘ವಾಯುವಿಹಾರ’ವಾಗಿ ನಂದಿಬೆಟ್ಟಕ್ಕೆ ಕಾರಿನಲ್ಲಿ ಹೋಗುತ್ತಿದೆ! ‘ತೀರ್ಥ’ವೆಂದರೆ ಹೊಳೆ ದಾಟುವ ತಾಣ. ಜಿನಪ್ರಭಸೂರಿ 14ನೆಯ ಶತಮಾನದಲ್ಲಿ ಕ್ಷೇತ್ರಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ ಇಟ್ಟ ಹೆಸರು ‘ವಿವಿಧತೀರ್ಥಕಲ್ಪ’. ಸ್ವತಃ ತಿರುಗಿ ನೋಡಿದವನಾದರೂ ತನ್ನ ತಿರುಗಾಟಕ್ಕಿಂತ ತಲಪಿದ ಸ್ಥಳವೇ ಅವನಿಗೆ ಮುಖ್ಯ.

ಇದು ಕೇವಲ ನಿಘಂಟಿನ ಚರ್ಚೆಯಲ್ಲ. ‘ನಾನು ಕಂಡೆ’ ಎನ್ನುವ ಬರಹವೇ ಪ್ರವಾಸಕಥನವೆಂದು ಮೊದಲೇ ಗೆರೆ ಎಳೆದರೆ, ಸಂಶೋಧಕ 19–20ನೆಯ ಶತಮಾನಗಳ ಹಿಂದೆ ಕಣ್ಣು ಹಾಯಿಸುವುದೇ ಇಲ್ಲ. ಆಗ ಚಿಕ್ಕಬಳ್ಳಾಪುರದ ಬಳಿ, ನಂದಿಯ ಗೋಪಿನಾಥ ಗುಡ್ಡದ ಜೈನ ಶಾಸನ ಯಾರ ಅಧ್ಯಾಯಕ್ಕೂ ಸೇರದೆ ಉಳಿಯುತ್ತದೆ. ಸುಮಾರು 8ನೆಯ ಶತಮಾನದ್ದೆಂದು ಎಣಿಸಲಾದ ಆ ಸಂಸ್ಕೃತ ಶಾಸನದ ಪ್ರಕಾರ, ಅಲ್ಲಿನ ಅರ್ಹಂತರ ಚೈತ್ಯವನ್ನು ದಾಶರಥಿ ರಾಮ ಸ್ಥಾಪಿಸಿದ. ಪಾಂಡವರ ತಾಯಿ ಕುಂತಿ ಜೀರ್ಣೋದ್ಧಾರ ಮಾಡಿಸಿದಳು. ನಡೆದುಬಂದವರ ನೆನಪಿನಿಂದಲೇ ನೆಲಕ್ಕೆ ಪಾವಿತ್ರ್ಯ ಕಟ್ಟಿಕೊಡುವ ಕ್ರಮವಿದು. ಅಲ್ಲಿ ಕಥನವಿದೆ, ನಿರೂಪಕನ ‘ನಾನು’ ಇಲ್ಲ. ಇಷ್ಟರಿಂದಲೇ ಅದನ್ನು ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅಶ್ವತ್ಥವನ್ನು ನೆಟ್ಟವನು ವಿದುರನೆಂದು ಐತಿಹ್ಯ. ಚಿಂತಾಮಣಿಯ ಕೈವಾರವೇ ಏಕಚಕ್ರಪುರವೆಂದು ಜನ ನಂಬುತ್ತಾರೆ. ಅರಗಿನ ಮನೆಯಿಂದ ಪಾರಾದ ಕುಂತಿ ಮಕ್ಕಳೊಡನೆ ವೇಷಮರೆಸಿ ಇದ್ದುದು ಅಲ್ಲಿ. ಧಾತ್ವರ್ಥವನ್ನೇ ಹಿಡಿದರೆ ಕೈವಾರದ ಕುಂತಿಯದು ಪ್ರವಾಸ, ಗೋಪಿನಾಥ ಗುಡ್ಡದ ಕುಂತಿಯದು ಯಾತ್ರೆ. ಒಬ್ಬಳೇ ತಾಯಿಯನ್ನು ಒಂದೇ ಸೀಮೆಯ ಎರಡು ಪರಂಪರೆಗಳು ಎರಡು ಬಗೆಯಾಗಿ ನಡೆಸಿವೆ. ಇವೆರಡನ್ನೂ ಜೊತೆಗಿಟ್ಟು ಓದಬಯಸುವವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಸಂಪುಟದಿಂದ ಆರಂಭಿಸಬಹುದು, ಚಿಕ್ಕಬಳ್ಳಾಪುರ ಆಗ ಕೋಲಾರ ಜಿಲ್ಲೆಗೆ ಸೇರಿತ್ತು.