ಕುಂಡ್ರೂದು ಸಸಾರ, ಏಳೂದು ಹೆಂಗ?

ಮೊಟ್ಟೆ ಆಕಾರದ ಆ ಜೋಕಾಲಿಯನ್ನು ನೀವೂ ನೋಡಿರ್ತೀರಿ. ಇನ್‌ಸ್ಟಾದಲ್ಲಿ ಯಾರ ಮನೆಯ ಟೆರೇಸ್ ಬಂದರೂ ಒಂದು ಮೂಲೆಯಲ್ಲಿ ಅದು ತೂಗುತ್ತಿರುತ್ತದೆ. ಒಳಗೆ ಬಿಳಿ ಕುಶನ್, ಪಕ್ಕದಲ್ಲಿ ಮನಿಪ್ಲಾಂಟ್, ಮೇಲೆ ಸೀರಿಯಲ್ ಲೈಟ್. ಬೆಂಗಳೂರಿನ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಟ್ಟರೆ ನಾನು ನಿಲ್ಲೋಕೂ ಜಾಗ ಇರಲ್ಲ. ಹಾಗಾಗಿ ನನ್ನ ಆಸೆಯನ್ನು ಹುಬ್ಬಳ್ಳಿಯ ಅವ್ವನ ಹಿತ್ತಲಿಗೆ ಪಾರ್ಸೆಲ್ ಮಾಡಿದೆ. 11,000 ರೂಪಾಯಿ, 6 ಕಂತು.

ಕಾರಣ ಇತ್ತು. ಅಪ್ಪ ಇದ್ದಾಗ ಸಂಜೆಯ ಚಹಾ ಹಿತ್ತಲಲ್ಲೇ. ಅಪ್ಪ ತನ್ನ ಕಟ್ಟಿಗೆ ಕುರ್ಚಿಯಲ್ಲಿ, ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಅಪ್ಪ ಹೋದ ಮೇಲೆ ಆ ಕುರ್ಚಿ ಪಡಸಾಲೆಗೆ ಬಂತು, ಅವ್ವ ಟಿವಿ ಮುಂದೆ ಕೂತಳು. ಫೋನ್ ಮಾಡಿದಾಗಲೆಲ್ಲ ಹಿಂದೆ ಧಾರಾವಾಹಿಯ ಸದ್ದು. ಹೊರಗೆ ಏನಾದರೂ ಚಂದದ್ದು ಇದ್ದರೆ ಬಂದು ಕೂರ್ತಾಳೆ ಅಂದುಕೊಂಡೆ.

ಮೇ ತಿಂಗಳಲ್ಲಿ ಜೋಕಾಲಿ ಬಂತು. ಓಣಿಯ ಹುಡುಗನೊಬ್ಬ ಜೋಡಿಸಿಕೊಟ್ಟು ಹೋದ. ಅವ್ವ ಅದರೊಳಗೆ ಕೂತು ವಿಡಿಯೊ ಕಾಲ್ ಮಾಡಿ ನಕ್ಕಳು. ನಾನು ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿದೆ. ಆಫೀಸಿನವರೆಲ್ಲ ಹಾರ್ಟ್ ಕಳಿಸಿದರು. ಆಮೇಲೆ ಯಾವಾಗ ಕೇಳಿದರೂ "ಹ್ಞೂಂ, ಕುಂಡ್ರತೀನಿ" ಅನ್ನೋಳು.

ನಮ್ಮ ಕಡೆ ನಾಗರ ಪಂಚಮಿ ಅಂದರೆ ಜೋಕಾಲಿ ಹಬ್ಬ. ಹೆಣ್ಣುಮಕ್ಕಳು ತವರಿಗೆ ಬರಬೇಕು, ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹಗ್ಗ ಕಟ್ಟಿ ಜೀಕಬೇಕು, ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅರಳು ತಿನ್ನಬೇಕು. ನಾನೂ ಹೋದೆ. ಬ್ಯಾಗ್ ಇಟ್ಟವಳೇ ಹಿತ್ತಲಿಗೆ ಓಡಿದರೆ, ಮೊಟ್ಟೆ ಒಂದು ಕಡೆ ವಾಲಿ ನಿಂತಿದೆ! ಎರೆಮಣ್ಣು ನೋಡಿ, ಮಳೆಗೆ ಉಬ್ಬಿ ಮೆತ್ತಗಾಗಿ ಸ್ಟ್ಯಾಂಡಿನ ಒಂದು ಬದಿಯನ್ನು ನುಂಗಿತ್ತು. ಕುಶನ್ ಮೇಲೆ ಬೂಷ್ಟು. ಅದರ ಮೇಲೆ ಬೆಕ್ಕು, ಬೆಕ್ಕಿಗೆ ಮೂರು ಮರಿ.

"ಒಂದ್ ದಿನಾನೂ ಕುಂತಿಲ್ಲೇನವ್ವಾ?" ಸಿಟ್ಟಿನಿಂದಲೇ ಕೇಳಿದೆ.

"ಕುಂತಿದ್ನೆಲ್ಲ, ನೀ ಫೋಟೊ ತಗದಿದ್ದಿ. ಕುಂಡ್ರೂದು ಸಸಾರ ಐತವಾ, ಏಳೂದು ಹೆಂಗ? ಅವತ್ತ ನೀ ಫೋನ್ ಇಟ್ಟ ಮ್ಯಾಲ ಅರ್ಧಾ ತಾಸು ಅದರಾಗ ಇದ್ದೆ. ಏಳಾಕ ಹೋದ್ರ ಅದು ಹಿಂದ ಸರಿತೈತಿ. ಕಡೀಕ ಬಾಜೂ ಮನಿಯಾಕಿನ್ನ ಒದರಿ ಕರದೆ."

ಇಷ್ಟನ್ನು ನಗುತ್ತಲೇ ಹೇಳಿದಳು. ಆ ಅರ್ಧ ತಾಸು ನಾನು ಹಾರ್ಟ್ ಎಣಿಸುತ್ತಿದ್ದೆ.

ಮರುದಿನ ಅಪ್ಪನ ಟೇಪ್ ಹುಡುಕಿ ಅಳತೆಗೆ ಕೂತೆ. ಮೊಟ್ಟೆಯ ಕುಶನ್ ಕುಸಿದ ಮೇಲೆ ನೆಲದಿಂದ 14 ಇಂಚು. ಅವ್ವ ಸಲೀಸಾಗಿ ಏಳುವುದು ಅಪ್ಪನ ಕುರ್ಚಿಯಿಂದ, ಅದು 18 ಇಂಚು. ಆಕೆ ಏಳುವುದನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ ಅನ್ನಿ: ಅಂಚಿಗೆ ಸರಿಯುತ್ತಾಳೆ, ಪಾದಗಳನ್ನು ಕುರ್ಚಿಯ ಅಡಿಗೆ ಎಳೆದುಕೊಳ್ಳುತ್ತಾಳೆ, ಎರಡೂ ಕೈ ಊರಿ ಮುಂದಕ್ಕೆ ಬಾಗಿ ಏಳುತ್ತಾಳೆ. ಅಂದರೆ ಸೀಟು ಮೊಣಕಾಲಿನ ಮಟ್ಟಕ್ಕಿಂತ ಕೆಳಗಿರಬಾರದು, ಕೈ ಊರಲು ಗಟ್ಟಿ ಹಿಡಿಕೆ ಬೇಕು, ಅಡಿಯಲ್ಲಿ ಕಾಲಿಗೆ ಖಾಲಿ ಜಾಗ ಬೇಕು. ನನ್ನ ಎರಡನೇ ಐಡಿಯಾ, ಇಟ್ಟಿಗೆಯಲ್ಲಿ ಕಟ್ಟೆ ಕಟ್ಟಿಸುವುದು, ಅಲ್ಲೇ ಬಿದ್ದುಹೋಯಿತು. ಮುಂದೆ ಗೋಡೆಯಂತೆ ಮುಚ್ಚಿದ ಕಟ್ಟೆಯ ಅಡಿಗೆ ಪಾದ ಎಲ್ಲಿಂದ ಹೋಗಬೇಕು?

ಅಂಗಡಿ ಸುತ್ತಿದೆವು. ಬೆತ್ತದ ಕುರ್ಚಿ ಹಗುರ, ಚಂದ, ಆದರೆ ಮಳೆಯಲ್ಲಿ ಬಿಟ್ಟರೆ ಕೊಳೆಯುತ್ತದೆ. ಪ್ಲಾಸ್ಟಿಕ್ ಬೆತ್ತ ಕೊಳೆಯಲ್ಲ, ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಸಾದಾ ಮಾಲು ಪುಡಿಪುಡಿಯಾಗುತ್ತದೆ. ಕಬ್ಬಿಣದ ಬೆಂಚಿಗೆ ಬಣ್ಣ ಕಿತ್ತ ಜಾಗದಿಂದಲೇ ತುಕ್ಕು. ಶಹಾಬಾದ್ ಕಲ್ಲಿನದು ಅಗ್ಗ, ಗಟ್ಟಿ, ಆದರೆ ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಹೀರಿಕೊಂಡ ಕಲ್ಲಿನ ಮೇಲೆ ಸಂಜೆ ನೀವೇ ಕೂತು ನೋಡಿ. ಸಾಗವಾನಿಯ ರೇಟ್ ಕೇಳಿ ಇಬ್ಬರೂ ಕಬ್ಬಿನ ಹಾಲು ಕುಡಿದು ಮನೆಗೆ ಬಂದೆವು.

ಕೊನೆಗೆ ಓಣಿಯ ಬಡಿಗೇರ ಕಾಕಾನೇ ಗತಿ. ಆದರೂ ನನ್ನ ಆಸೆ ಬಿಟ್ಟಿರಲಿಲ್ಲ. "ಸರಪಳಿ ಹಾಕಿ ತೂಗುಮಣೆ ಮಾಡಿದ್ರ ಹೆಂಗ್ರಿ?" ಅಂದೆ. ಆತ ಅವ್ವನ ಮೊಣಕಾಲಿನ ಕಡೆ ನೋಡಿ, "ತೂಗೂದನ್ನ ಹಿಡಕೊಂಡು ಏಳಾಕ ಆಗೂದಿಲ್ರಿ ಅಕ್ಕಾರ" ಅಂದರು. ಬೇವಿನ ಹಲಗೆಯ ಬೆಂಚು ಸಾಕು, ಹುಳ ಹಿಡಿಯೋದು ಕಡಿಮೆ, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿರಿ. ಎರೆಮಣ್ಣು ಒಂದೂವರೆ ಅಡಿ ತೆಗೆಸಿ ಗರಸು ತುಂಬಿ ಕುಟ್ಟಿಸಿ, ಮೇಲೆ ಫರಸಿ ಹಾಸಿರಿ, ವಾಲಲ್ಲ. ಅಳತೆಗೆ ಅಪ್ಪನ ಕುರ್ಚಿಯನ್ನು ಅಂಗಡಿಗೆ ಒಯ್ಯುತ್ತೇನೆ ಅಂದಾಗ ಮಾತ್ರ ಅವ್ವ ಅಡ್ಡ ಬಂದಳು. "ಅಳತಿ ಇಲ್ಲೇ ತಗೋರಿ. ಕುರ್ಚಿ ಒಯ್ಯಬ್ಯಾಡ್ರಿ."

ಎಲ್ಲಿ ಇಡೋದು? ನಾನು ಮಾವಿನ ಮರದ ನೆರಳು ತೋರಿಸಿದೆ. ಅವ್ವ ಅಲ್ಲಿ ಕೆಂಪಿರುವೆ, ಮೇಲಿಂದ ಕಾಗೆ ಅಂದು, ಹಿತ್ತಲಲ್ಲೇ ಅತ್ಯಂತ ಚಂದವಿಲ್ಲದ ಜಾಗಕ್ಕೆ, ನೀರಿನ ಪೈಪು ಹಾದ ಕಾಂಪೌಂಡ್ ಗೋಡೆಯ ಬದಿಗೆ ಹೋಗಿ ನಿಂತಳು. ಅಲ್ಲಿ ಗೋಡೆ ಎದೆಮಟ್ಟ. ಆಚೆ ಬಾಜೂ ಮನೆಯಾಕೆ ಪಾತ್ರೆ ತಿಕ್ಕುವ ಜಾಗ.

"ಎಷ್ಟ್ ಮಂದಿ ಕುಂಡ್ರೂ ಹಂಗ ಮಾಡ್ಲಿ?" ಕಾಕಾ ಕೇಳಿದರು.

ನಾನು ಬಾಯಿ ತೆಗೆಯುವ ಮೊದಲೇ ಅವ್ವ, "ಇಬ್ಬರು" ಅಂದಳು.

ಬೆಂಚು ದೀಪಾವಳಿಗೆ ಬಂತು. ಮೊಟ್ಟೆಯನ್ನು ಮಾರೋಣ ಅಂದರೆ ಅವ್ವ ಕೇಳುತ್ತಿಲ್ಲ, ಮರಿಗಳು ಇನ್ನೂ ಅಲ್ಲೇ ಮಲಗುತ್ತವಂತೆ. ಮೊನ್ನೆ ಸಂಜೆ ಫೋನ್ ಮಾಡಿದರೆ ಎತ್ತಲಿಲ್ಲ. ಎರಡು ಸಲ, ಮೂರು ಸಲ. ಎದೆ ಡವಡವ. ಏಳು ಗಂಟೆಗೆ ಆಕೆಯೇ ಮಾಡಿದಳು.

"ಹೊರಗ ಕುಂತಿದ್ವಿ, ಫೋನ್ ಒಳಗಿತ್ತು. ಏನ್ ಅಷ್ಟ್ ಅರ್ಜಂಟು?"