ಅರಿಶಿನದ ಗೆರೆ ಏರಿದಾಗ, ಇಳಿದಾಗ

ಕೊಳ್ಳೇಗಾಲ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ರೇಷ್ಮೆ. ಆದರೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಬಸ್ಸು ಹತ್ತಿದವರಿಗೆ ಇನ್ನೊಂದು ಬೆಳೆಯ ಪರಿಚಯವಾಗುತ್ತದೆ. ಹೊಲದ ಮಗ್ಗುಲಲ್ಲಿ ಬೇಯಿಸಿದ ಅರಿಶಿನವನ್ನು ಹರಡಿ ಒಣಹಾಕಿರುತ್ತಾರೆ. ಬೆಂದ ಗೆಡ್ಡೆಯ ಘಾಟು ಬಸ್ಸಿನೊಳಗೂ ಬರುತ್ತದೆ. ದೂರದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸಾಲು.

ಮೇ-ಜೂನ್‌ನಲ್ಲಿ ನೆಟ್ಟ ಅರಿಶಿನ ಕೈಗೆ ಬರಲು ಏಳರಿಂದ ಒಂಬತ್ತು ತಿಂಗಳು ಬೇಕು. ಎಕರೆಗೆ ಸುಮಾರು 10 ಕ್ವಿಂಟಲ್ ಬಿತ್ತನೆ ಗೆಡ್ಡೆಯೇ ಬೇಕಾಗುತ್ತದೆ. ಕಿತ್ತ ಗೆಡ್ಡೆಯನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸುತ್ತಾರೆ. ಹೀಗೆ ಬೇಯಿಸುವುದೇಕೆ? ಶಾಖಕ್ಕೆ ಗೆಡ್ಡೆಯೊಳಗಿನ ಪಿಷ್ಟ ಗಂಜಿಯಂತಾಗುತ್ತದೆ. ಬಣ್ಣ ಒಳಗೆಲ್ಲ ಸಮನಾಗಿ ಹರಡುತ್ತದೆ. ಗೆಡ್ಡೆ ಬೇಗ ಒಣಗುತ್ತದೆ, ಮತ್ತೆ ಮೊಳೆಯುವುದಿಲ್ಲ. ಹತ್ತು ಹದಿನೈದು ದಿನ ಬಿಸಿಲಿನಲ್ಲಿ ಒಣಗಿದ ಮೇಲೆ ಐದು ಕ್ವಿಂಟಲ್ ಹಸಿ ಗೆಡ್ಡೆಯಿಂದ ಸುಮಾರು ಒಂದು ಕ್ವಿಂಟಲ್ ಉಳಿಯುತ್ತದೆ. ಚೆನ್ನಾಗಿ ಒಣಗಿದ ಅರಿಶಿನ ವರ್ಷಗಟ್ಟಲೆ ಕೆಡುವುದಿಲ್ಲ. ಟೊಮೆಟೊಗೂ ಅರಿಶಿನಕ್ಕೂ ಇರುವ ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನದಲ್ಲಿಟ್ಟುಕೊಳ್ಳಬೇಕು. ಬೆಲೆಯ ಕಥೆ ತಿಳಿಯುವುದಕ್ಕೆ ಇದು ಬೇಕು.

ಇಲ್ಲಿನ ಬೆಳೆಗಾರರ ಕಣ್ಣು ಸದಾ ತಮಿಳುನಾಡಿನ ಈರೋಡು ಮಾರುಕಟ್ಟೆಯ ಮೇಲೆ. ಹನೂರಿನಿಂದ ರಾಮಾಪುರ, ಗರಿಕೆಕಂಡಿ, ಬರಗೂರು, ಅಂದಿಯೂರು ದಾಟಿದರೆ ಈರೋಡು. ಚಾಮರಾಜನಗರದ ಕಡೆಯಿಂದ ಹೋಗುವವರು ದಿಂಬಂ ಘಾಟಿನ 27 ತಿರುವುಗಳನ್ನು ಇಳಿಯಬೇಕು. ಈ ನಂಟು ಹಳೆಯದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿದ್ದ ಹನೂರು ಸೀಮೆಯೂ ಸೇರಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈರೋಡು ಕೂಡ ಆಗ ಅದೇ ಜಿಲ್ಲೆಯ ಊರು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದು ಮೈಸೂರಿಗೆ ಸೇರಿತ್ತು. ಗಡಿ ಬದಲಾದ ಮೇಲೂ ಹನೂರು ಸೀಮೆಯ ರೈತರು ಈರೋಡಿನ ಧಾರಣೆ ಕೇಳುವುದನ್ನು ಬಿಡಲಿಲ್ಲ.

ಆ ಧಾರಣೆ ಏರಿಳಿದ ಬಗೆ ನೋಡಿ. 2010ರಲ್ಲಿ ಅರಿಶಿನದ ಬೆಲೆ ಕ್ವಿಂಟಲ್‌ಗೆ 15,000 ರೂಪಾಯಿ ದಾಟಿತು. ಕಬ್ಬು, ಜೋಳ ಬಿಟ್ಟು ಅರಿಶಿನ ಹಾಕಿದವರು ಕರ್ನಾಟಕದಲ್ಲಷ್ಟೇ ಅಲ್ಲ, ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳಲ್ಲೂ ಇದ್ದರು. 2009-10ರಲ್ಲಿ ದೇಶದ ಉತ್ಪಾದನೆ ಸುಮಾರು 8 ಲಕ್ಷ ಟನ್. 2011-12ರಲ್ಲಿ ಅದು 11 ಲಕ್ಷ ಟನ್ ಮೀರಿತು. 2012ರ ಹೊತ್ತಿಗೆ ಬೆಲೆ 4,000 ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. ಬೆಲೆ ಬಿದ್ದಾಗ ಮಾರದೆ ಉಳಿದ ದಾಸ್ತಾನು ಮುಂದಿನ ವರ್ಷದ ಬೆಲೆಯನ್ನೂ ಕೆಳಕ್ಕೆ ಎಳೆಯುತ್ತದೆ. ಕೆಡದಿರುವ ಗುಣವೇ ಇಲ್ಲಿ ಭಾರವಾಗುತ್ತದೆ.

ರೈತನ ತಪ್ಪೇನೂ ಇಲ್ಲ. ನೆಡುವ ದಿನ ಅವನ ಮುಂದಿರುವುದು ಹೋದ ವರ್ಷದ ಬೆಲೆ. ಮಾರುವ ದಿನ ಸಿಗುವುದು ಮುಂದಿನ ವರ್ಷದ ಬೆಲೆ. ನಡುವೆ ಒಂಬತ್ತು ತಿಂಗಳ ಅಂತರ. ಎಲ್ಲರೂ ಒಂದೇ ಅಂಕಿಯನ್ನು ನೋಡಿ ನೆಟ್ಟರೆ ಬೆಳೆಯೂ ಒಟ್ಟಿಗೇ ಬರುತ್ತದೆ. ಬೆಲೆ ಬಿದ್ದಾಗ ಎಲ್ಲರೂ ಒಟ್ಟಿಗೇ ಕೈಬಿಡುತ್ತಾರೆ; ಎರಡು ಮೂರು ವರ್ಷದಲ್ಲಿ ಸರಬರಾಜು ತಗ್ಗಿ ಬೆಲೆ ಮತ್ತೆ ಏರುತ್ತದೆ. 2023ರ ಬೇಸಿಗೆಯಲ್ಲಿ ಕ್ವಿಂಟಲ್‌ಗೆ 7,000 ರೂಪಾಯಿಯ ಆಸುಪಾಸಿನಲ್ಲಿದ್ದ ಅರಿಶಿನ ಆಗಸ್ಟ್ ಹೊತ್ತಿಗೆ ಸುಮಾರು ಎರಡರಷ್ಟಾಯಿತು. ಏಪ್ರಿಲ್‌ನಲ್ಲೇ ಮಾರಿದವರಿಗೆ ಅದರಿಂದ ಏನೂ ಸಿಗಲಿಲ್ಲ. ಮೇ ತಿಂಗಳಲ್ಲಿ ಬಿತ್ತನೆ ಗೆಡ್ಡೆಗೂ ಹಣ ಬೇಕು, ಮಕ್ಕಳ ಶಾಲೆಯ ಶುಲ್ಕಕ್ಕೂ ಬೇಕು. ಎರಡು ಎಕರೆಯ ಒಕ್ಕಲು ಕಾಯುವುದಾದರೂ ಹೇಗೆ?

ಹನೂರಿನಿಂದ ಹಿಂದಿರುಗಿ, ಕೊಳ್ಳೇಗಾಲ ಹಾದು ಯಳಂದೂರಿಗೆ ಬಂದರೆ ದೃಶ್ಯ ಬದಲಾಗುತ್ತದೆ. ಸುವರ್ಣಾವತಿಯ ಬಯಲು ದಾಟಿ ಬಿಳಿಗಿರಿರಂಗನ ಬೆಟ್ಟ ಏರಿದಂತೆ ಸೋಲಿಗರ ಪೋಡುಗಳು, ಕಾಫಿ ಗಿಡಗಳು, ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯದ ಹಕ್ಕಿಗೆ ಮಾನ್ಯತೆಯೂ ದೊರೆಯಿತು.

ಕರಿಮೆಣಸಿನ ಗಡಿಯಾರ ಇನ್ನೂ ನಿಧಾನ. ಬಳ್ಳಿ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. 2015ರಲ್ಲಿ ಕಿಲೋಗೆ 650 ರೂಪಾಯಿ ಮೀರಿದ ಬೆಲೆ ಕಂಡು ನೆಟ್ಟ ಬಳ್ಳಿ ಕಾಳು ಕೊಡುವ ಹೊತ್ತಿಗೆ, ಅಂದರೆ 2019-20ರಲ್ಲಿ, ಬೆಲೆ ಅದರ ಅರ್ಧದಷ್ಟಾಗಿತ್ತು. ಒಂದು ಕಾಲಕ್ಕೆ ಜಗತ್ತಿಗೆಲ್ಲ ಮೆಣಸು ಕಳಿಸಿದ ನಾಡು ಭಾರತ. 2000ದ ದಶಕದಿಂದ ರಫ್ತಿನಲ್ಲಿ ವಿಯೆಟ್ನಾಂ ಮುಂದಿದೆ. ಅಗ್ಗದ ಮೆಣಸಿನ ಆಮದು ತಡೆಯಲೆಂದು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಬೆಟ್ಟದ ಪೋಡಿನಲ್ಲಿ ಒಣಗುವ ಕಾಳಿನ ಬೆಲೆಯಲ್ಲಿ ಅಷ್ಟು ದೂರದ ದೇಶಕ್ಕೂ ಪಾಲಿದೆ.

ಅರಿಶಿನದಲ್ಲಿ ಪರಿಸ್ಥಿತಿ ಬೇರೆ. ಜಗತ್ತಿನ ಅರಿಶಿನದಲ್ಲಿ 100ಕ್ಕೆ 70ಕ್ಕೂ ಹೆಚ್ಚು ಪಾಲು ಭಾರತದ್ದೇ. 2022-23ರಲ್ಲಿ ದೇಶದಲ್ಲಿ ಬೆಳೆದದ್ದು 11.61 ಲಕ್ಷ ಟನ್, 2023-24ರಲ್ಲಿ 10.74 ಲಕ್ಷ ಟನ್, ಅದರಲ್ಲಿ ರಫ್ತಾದದ್ದು 1.62 ಲಕ್ಷ ಟನ್. ಉಳಿದುದಕ್ಕೆ ಈ ದೇಶದ ಅಡುಗೆಮನೆಗಳು, ಪೂಜೆಯ ತಟ್ಟೆಗಳು, ಕಾರ್ಖಾನೆಗಳೇ ಗತಿ. ಆದ್ದರಿಂದ ಅರಿಶಿನದ ಏರಿಳಿತಕ್ಕೆ ಮುಖ್ಯ ಕಾರಣ ಪರದೇಶವಲ್ಲ, ಇಲ್ಲಿನ ಹೊಲಗಳಲ್ಲಿ ಮೇ ತಿಂಗಳಲ್ಲಿ ನಡೆಯುವ ತೀರ್ಮಾನ. 2025ರ ಜನವರಿಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿ ಆರಂಭವಾಗಿದೆ. ಎಲ್ಲಿ ಎಷ್ಟು ಎಕರೆ ನಾಟಿಯಾಯಿತು, ಎಷ್ಟು ದಾಸ್ತಾನಿದೆ ಎಂಬ ಸುದ್ದಿ ನಾಟಿಗೆ ಮುಂಚೆಯೇ ಹನೂರಿನ ರೈತನಿಗೆ ಮುಟ್ಟಿದರೆ ಅದೇ ದೊಡ್ಡ ಉಪಕಾರ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಕೆಲಸಗಳುಂಟು. ಉಗ್ರಾಣದಲ್ಲಿ ಸರಕಿಟ್ಟು ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ವ್ಯವಸ್ಥೆಯಿದೆ. ಅದರ ಬಡ್ಡಿ, ಬಾಡಿಗೆಗಳನ್ನು ತಂದೆತಾಯಂದಿರು ವಿಚಾರಿಸಿಕೊಳ್ಳಬೇಕು. ಕಾದವರೆಲ್ಲ ಗೆಲ್ಲುವುದಿಲ್ಲ, 2010ರ ಏರಿಕೆ ನೋಡಿ ಕಾಯುತ್ತ ಕೂತವರಿಗೆ 2012 ಬಂತು. ಹೈಸ್ಕೂಲಿನ ಮಕ್ಕಳು ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಅಡ್ಡಕ್ಕೆ ವರ್ಷ, ಉದ್ದಕ್ಕೆ ಬೆಲೆ ಗುರುತಿಸಲಿ. ಅದರ ಕೆಳಗೆ ಇನ್ನೊಂದು ಹಾಳೆಯಲ್ಲಿ ಉತ್ಪಾದನೆಯ ಗೆರೆ ಎಳೆಯಲಿ. ಹತ್ತು ವರ್ಷದ ಗೆರೆ ಕಣ್ಣೆದುರು ಇದ್ದರೆ ಹೋದ ವರ್ಷದ ಒಂದು ಚುಕ್ಕಿ ಅಷ್ಟಾಗಿ ಮರುಳು ಮಾಡಲಾರದು. ಆ ಹಾಳೆಯನ್ನು ಮೇ ತಿಂಗಳಲ್ಲಿ, ಬಿತ್ತನೆ ಗೆಡ್ಡೆ ಕೊಳ್ಳುವುದಕ್ಕೆ ಮುಂಚೆ, ಅಪ್ಪನ ಮುಂದೆ ಇಟ್ಟರೆ ಸಾಕು.